ಸಂಘದ ದೊಡ್ಡ ಕತ್ತರಿ

ವರ್ತಕರ ಸಂಘದ ದೊಡ್ಡ ಕತ್ತರಿ ಮೊಳದುದ್ದ ಇತ್ತು, ಹಿಡಿಗೆ ಚಿನ್ನದ ಬಣ್ಣ ಬಳಿದಿತ್ತು, ಆದರೆ ಬೆಣ್ಣೆಯನ್ನೂ ಕತ್ತರಿಸುತ್ತಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ. ಬ್ಯಾಂಕಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಬಿಡಿಗಾಸು ಪಡೆಯದೆ, ಮೂರು ವರ್ಷದಿಂದ ಸಂಘದ ರಾಯಭಾರಿಯಾಗಿ ಓಡಾಡುತ್ತಿದ್ದಳು. ಹೊಸ ಅಂಗಡಿ ತೆರೆದಲ್ಲೆಲ್ಲ ಕೊರಳಿಗೆ ನೀಲಿ ಪಟ್ಟಿ ಹಾಕಿಕೊಂಡು ಹೋಗುವುದು, ಟೇಪು ಕಟ್ಟಿಸುವುದು, ಕತ್ತರಿ ಕೈಕೊಟ್ಟಾಗ ಯಾರಿಗೂ ಕಾಣದ ಹಾಗೆ ಬ್ಲೇಡು ತಾಗಿಸುವುದು ಅವಳ ಪಾಲಿನ ಸೇವೆ. ಬೀದಿಯವರ ಬಾಯಲ್ಲಿ ಅವಳು ಟೇಪು ಮೇಡಂ.

ಇನ್ನೊಬ್ಬರು ಸಾಣೆಯವರು. ಇಪ್ಪತ್ತೆರಡು ವರ್ಷ ಫುಟ್‌ಪಾತಿನಲ್ಲಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಪೆಡಲು ತುಳಿದು, ಊರಿನ ಚಾಕು ಕತ್ತರಿಗಳಿಗೆಲ್ಲ ಸಾಣೆ ಹಿಡಿದವರು. ಹೋದ ತಿಂಗಳು ಅವಳು ಕತ್ತರಿ ಒಯ್ದು ತೋರಿಸಿದಾಗ ತಿರುಗಿಸಿ ನೋಡಿ ನಕ್ಕಿದ್ದರು.

“ಬಣ್ಣ ಹೊಡೆದಿದಾರೆ ಮೇಡಂ, ಹರಿತ ಮಾಡೋದನ್ನ ಮರೆತಿದಾರೆ.”

ಅರ್ಧ ದಿನ ಕೂತು ಸಾಣೆ ಹಿಡಿದರು. ದುಡ್ಡು ಮುಟ್ಟಲಿಲ್ಲ. ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ, ನಮ್ಮಂಥವರ ಅಂಗಡಿಗೂ ಸಂಘದವರು ಬರುತ್ತಾರಾ ಎಂದಷ್ಟೇ ಕೇಳಿದರು. “ಬರದೆ ಏನು? ನಾನೇ ಕರ್ಕೊಂಡು ಬರ್ತೀನಿ” ಎಂದಿದ್ದಳು ಅವಳು. ಅವರನ್ನು ಸದಸ್ಯರನ್ನಾಗಿ ಮಾಡಿಸಿ, ಗುರುವಾರ ಹತ್ತು ಗಂಟೆಗೆ ಎಂದು ಅಧ್ಯಕ್ಷರ ಸಹಿಯ ಪತ್ರವನ್ನೂ ಕೊಡಿಸಿದ್ದಳು.

ಗುರುವಾರ ಒಂಬತ್ತಕ್ಕೆ ಅಧ್ಯಕ್ಷರ ಫೋನು ಬಂತು.

“ಮೇಡಂ, ಹತ್ತಕ್ಕೆ ನನ್ನ ಭಾವಮೈದನ ಫರ್ನಿಚರ್ ಮಳಿಗೆ ಉದ್ಘಾಟನೆ. ಎಲ್ಲರಿಗೂ ಹೇಳಿದೀನಿ. ಕತ್ತರಿ ಮರೀಬೇಡಿ.”

“ಹತ್ತಕ್ಕೆ ಸಾಣೆಯವರದು ಇದೆಯಲ್ಲ ಸಾರ್. ನಾವೇ ಪತ್ರ ಕೊಟ್ಟಿದೀವಿ.”

“ಅವನದೇನು, ಯಾವತ್ತಾದ್ರೂ ಆಗುತ್ತೆ. ಇಷ್ಟು ವರ್ಷ ಫುಟ್‌ಪಾತಲ್ಲಿ ಇದ್ದೋನಿಗೆ ಇನ್ನೊಂದು ವಾರ ಭಾರವಾ? ನೀವೇ ಹೇಳಿಬಿಡಿ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಂಕಿನ ಮ್ಯಾನೇಜರ ಮುಂದೆ ಹೋಗಿ ಹೇಳಿದರೆ ಆ ಪುಣ್ಯಾತ್ಮ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. “ಅವರು ನಮ್ಮ ದೊಡ್ಡ ಗಿರಾಕಿ ಕಣ್ರೀ, ಎದುರು ಹಾಕ್ಕೋಬೇಡಿ. ಸುಮ್ನೆ ಮಳಿಗೆಗೆ ಹೋಗಿಬನ್ನಿ” ಎಂದರು. ಸುಮ್ಮನೆ! ಕೊಟ್ಟ ಮಾತು ಅವಳದು, ಮುರಿಯುವವರು ಇವರು, ಸುಮ್ಮನಿರಬೇಕಾದವಳು ಮತ್ತೆ ಅವಳೇ.

ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವ ಮನಸ್ಸಾಗದೆ ಕತ್ತರಿಯ ಚೀಲ ಹೆಗಲಿಗೇರಿಸಿ ಗಲ್ಲಿಗೆ ಹೋದಳು. ಎಂಟಡಿ ಅಗಲದ ಕೋಣೆ. ಹೊಸದಾಗಿ ಮೋಟಾರು ಕೂರಿಸಿದ ಸಾಣೆಕಲ್ಲು. ಸಾಣೆಯವರ ಹೆಂಡತಿ ಬಾಗಿಲಿಗೆ ಟೇಪು ಕಟ್ಟುತ್ತಿದ್ದಳು, ಮಗಳು ಬಾಡಿಗೆ ಕುರ್ಚಿಗಳಿಗೆ ಸಂಘದವರ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಸಾಣೆಯವರ ಹೊಸ ಅಂಗಿಯ ಮೇಲೆ ಪೊಟ್ಟಣದ ಮಡಿಕೆ ಇನ್ನೂ ಹಾಗೇ ಇತ್ತು.

“ಮೇಡಂ, ಎಲ್ಲರಿಗೂ ಮಾಮೂಲಿ ಕುರ್ಚಿ. ಅಧ್ಯಕ್ಷರಿಗೆ ಮಾತ್ರ ಕೈ ಇರೋದು ತರಿಸಿದೀನಿ. ಸಾಕಲ್ವಾ?”

ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಪಾಪದ ಕೆಲಸ ಅಧ್ಯಕ್ಷರದು, ಅದನ್ನು ಹೊತ್ತು ತಂದು ಈ ಮನುಷ್ಯನ ಮುಖದ ಮೇಲೆ ಸುರಿಯಲು ತಾನು ಬಂದಿದ್ದೇನೆ ಅನ್ನಿಸಿ ತನ್ನ ಮೇಲೇ ಅಸಹ್ಯವಾಯಿತು. “ಸಾಕು” ಎಂದಳು.

ಹತ್ತು ಹೊಡೆಯಿತು. ಕುರ್ಚಿಗಳು ಖಾಲಿ. ಸಾಣೆಯವರು ಗಲ್ಲಿಯ ತುದಿಗೆ ಹೋಗಿ ನೋಡಿ ಬಂದರು, ಮತ್ತೆ ಹೋದರು. ಅವಳಿಗೆ ತಡೆಯಲಾಗಲಿಲ್ಲ. ಎದುರಿನ ಇಸ್ತ್ರಿಯವರನ್ನು, ಪಂಕ್ಚರ್ ಹಾಕುವವರನ್ನು, ನಕಲಿ ಕೀ ಮಾಡುವ ಅಜ್ಜನನ್ನು ಕೂಗಿ ಕರೆದು ಕೂರಿಸಿದಳು. “ಹೊತ್ತು ಮೀರೋದು ಬೇಡ” ಎಂದು ಕತ್ತರಿಯನ್ನು ಸಾಣೆಯವರ ಹೆಂಡತಿಯ ಕೈಗಿಟ್ಟಳು. ಒಂದೇ ಸಲಕ್ಕೆ ಟೇಪು ಎರಡಾಯಿತು. ಮೂರು ವರ್ಷದಲ್ಲಿ ಮೊದಲ ಸಲ ಬ್ಲೇಡು ಅವಳ ಪರ್ಸಿನಲ್ಲೇ ಉಳಿಯಿತು.

ಅಷ್ಟರಲ್ಲಿ ಫೋನು.

“ಎಲ್ಲಿ ಸತ್ತಿದೀರಿ? ಅತಿಥಿಗಳು ನಿಂತೇ ಇದಾರೆ. ಪೇಪರಿನವರಿಗೆ ಫೋಟೋದಲ್ಲಿ ಸಂಘದ ಕತ್ತರಿ ಕಾಣಬೇಕು.”

“ಕತ್ತರಿ ಹಿಂದಿನ ಗಲ್ಲೀಲಿದೆ ಸಾರ್. ಪತ್ರದಲ್ಲಿ ವಿಳಾಸ ಇದೆ, ಕೆಳಗೆ ನಿಮ್ಮದೇ ಸಹಿ. ಬೇಕಾದ್ರೆ ನೀವೇ ಬನ್ನಿ.”

“ನಿಮ್ಮ ಮ್ಯಾನೇಜರಿಗೆ ಹೇಳ್ತೀನಿ.”

“ಹೇಳಿ. ಈಗ ಸೀಟಲ್ಲೇ ಇರ್ತಾರೆ.”

ಐದು ನಿಮಿಷಕ್ಕೆ ಅಧ್ಯಕ್ಷರು ಏದುಸಿರು ಬಿಡುತ್ತ ಬಂದರು. ಮುಖ ಕೆಂಡವಾಗಿತ್ತು. ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಸಾಣೆಯವರು ಎದ್ದು ಬಂದು, ಕೈ ಇರುವ ಕುರ್ಚಿಯನ್ನು ಹೊಸ ಅಂಗಿಯ ತೋಳಿನಿಂದಲೇ ಒರೆಸಿದರು.

“ಬಂದ್ರಲ್ಲ ಸಾರ್. ಬಂದೇ ಬರ್ತಾರೆ ಅಂತ ನಾನು ಅಂದೆ. ಮನೆಯವಳು ನಂಬಲಿಲ್ಲ.”

ಅಧ್ಯಕ್ಷರು ಕುರ್ಚಿಗೆ ಅಂಟಿಸಿದ ಚೀಟಿಯನ್ನು ನೋಡಿದರು, ಆಮೇಲೆ ಅವಳ ಕೈಗೆ ಮರಳಿದ್ದ ಕತ್ತರಿಯನ್ನು ನೋಡಿದರು.

“ಕೂತ್ಕೊಳ್ಳಿ ಸಾರ್” ಎಂದಳು ಅವಳು. “ಸಾಣೆಯವರು ಎರಡು ಮಾತಾಡೋದಿದೆ.”

ಅಧ್ಯಕ್ಷರು ಕೂತರು. ಸಾಣೆಯವರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಬಿಡಿಸಿ ಓದತೊಡಗಿದರು. ಮೊದಲ ಸಾಲಿನಲ್ಲೇ ಅಧ್ಯಕ್ಷರಿಗೆ ವಂದನೆ ಇತ್ತು. ಅವರು ತಲೆ ತಗ್ಗಿಸಿದರು. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ. ಕೊನೆಯ ಸಾಲು ಮುಗಿಯುವ ತನಕ ಕತ್ತರಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೇ ನಿಂತಿದ್ದಳು.