ಎರಡನೇ ಚುಕ್ಕೆ

ಮತ್ತೆ ಕೆಳಗೇ ನಿಂತಿತು ದರಿದ್ರದ್ದು, ಒದ್ದ ಕಾಲಿನ ಜೊತೆ ಇಳಿದ ಕಿಕ್ಕರ್ ಮೇಲೆ ಬರುವ ಹೆಸರೇ ಎತ್ತುವುದಿಲ್ಲ, ಸಂಬಳ ಸಿಗದ ಕೆಲಸದವನ ಹಾಗೆ ಕೈ ಇಳಿಬಿಟ್ಟುಕೊಂಡು ನಿಂತಿದೆ, ಬೆಳಗ್ಗೆಯಿಂದ ಇದು ಮೂರನೇ ಸಲ, ಅಂದರೆ ಮತ್ತೆ ಬೈಕನ್ನು ಎಡಕ್ಕೆ ಒರಗಿಸಬೇಕು, ಮತ್ತೆ ಎಂಟು ಸ್ಕ್ರೂ, ಮತ್ತೆ ಬಲಗಡೆಯ ಮುಚ್ಚಳ, ಮತ್ತೆ ಮೊಣಕೈವರೆಗೆ ಎಣ್ಣೆ, ಯಾವ ಜನ್ಮದ ಕರ್ಮವೋ, ಈ ಬೈಕು ಹುಟ್ಟಿದಾಗ ಅವಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು, ಮಣ್ಣುಗುಡ್ಡ ಹಾರಿಸಲಿಕ್ಕೆಂದೇ ಮಾಡಿದ್ದು, ದೀಪವಿಲ್ಲ, ಹಾರ್ನ್ ಇಲ್ಲ, ಬ್ಯಾಟರಿ ಮೊದಲೇ ಇಲ್ಲ, ಸ್ಟಾರ್ಟ್ ಮಾಡಲಿಕ್ಕೆ ಇರುವುದು ಈ ಒಂದು ಕಬ್ಬಿಣದ ಕಾಲು, ಅದೂ ಕೈಕೊಟ್ಟರೆ — ಅಣ್ಣ ಸ್ಟೂಲಿನ ಮೇಲಿಂದಲೇ ಕೇಳುತ್ತಾನೆ, ಚುಕ್ಕೆಗೆ ಚುಕ್ಕೆ ಸೇರಿಸಿದ್ಯಾ, ಸೇರಿಸಿದೆ ಅಣ್ಣ, ಸರಿಯಾಗಿ ಸೇರಿಸಿದ್ಯಾ, ಅಯ್ಯೋ ಸೇರಿಸ್ದೆ ಅಂದ್ನಲ್ಲ, ಹಾಗಾದ್ರೆ ಮೇಲೆ ಬರ್ಬೇಕಲ್ಲ, ಬರಬೇಕು ಎಂದು ಅವಳಿಗೂ ಗೊತ್ತು, ಆ ಸ್ಪ್ರಿಂಗಿಗೆ ಗೊತ್ತಿಲ್ಲ, ಹೋಗಿ ಅದಕ್ಕೇ ಹೇಳು ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಅವಳು ಸ್ಕ್ರೂಡ್ರೈವರ್ ಹುಡುಕುತ್ತಾಳೆ, ಅದು ಅಣ್ಣನ ಜೇಬಿನಲ್ಲಿದೆ, ಅಲ್ಲಿ ಯಾಕಿದೆ ಎಂದು ಅಣ್ಣನಿಗೂ ಗೊತ್ತಿಲ್ಲ.

ನಾಲ್ಕು ಗಂಟೆಗೆ ಅತ್ತಿಗೆ ಬರುತ್ತಾರೆ, ಈಗ ಮೂರೂ ಕಾಲು, ಅತ್ತಿಗೆಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಅದೇ ದೊಡ್ಡ ಸಂಕಟ, ಬೆಳಗ್ಗೆ ಅಣ್ಣನನ್ನು ಬಾಗಿಲಿಗೆ ಬಿಟ್ಟು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು, ನೋಡು, ಇದೊಂದು ಬೈಕು ಇವರ ಕೈಯಾರೆ ಸ್ಟಾರ್ಟ್ ಆಗ್ಲಿ, ನಾನು ಬಾಯಿ ತೆಗೆಯಲ್ಲ, ಆಗ್ಲಿಲ್ಲ ಅಂದ್ರೆ ನಾಳೆಯಿಂದ ಇವರು ಗ್ಯಾರೇಜಿಗೆ ಬರಲ್ಲ, ಮನೇಲೇ ಇರ್ತಾರೆ, ಹೋದ ತಿಂಗಳು ಅಣ್ಣ ಗ್ಯಾಸ್ ಟಾರ್ಚನ್ನು ಉರಿಯುತ್ತಿದ್ದ ಹಾಗೇ ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹೋದವನು ಅಲ್ಲೇ ನಲ್ಲಿಯ ಮುಂದೆ ನಿಂತುಬಿಟ್ಟಿದ್ದ, ಹತ್ತಿಯ ಚೂರು ಹೊತ್ತಿಕೊಂಡಿತ್ತು, ಅವಳು ಆಗಲೂ ವಾದಿಸಿದ್ದಳು, ಟಾರ್ಚ್ ಬೇರೆ ಅತ್ತಿಗೆ, ಇಂಜಿನ್ ವಿಷಯದಲ್ಲಿ ಅಣ್ಣನಿಗೆ ಮರೆವಿಲ್ಲ, ಏನು ಧೈರ್ಯ, ಬೆಳಗ್ಗೆ ಮೊದಲ ಸಲ ಮುಚ್ಚಳ ತೆಗೆದವನು ಸ್ಪ್ರಿಂಗ್ ಕೈಯಲ್ಲಿ ಹಿಡಿದುಕೊಂಡು ಅಂಗಡಿಯಲ್ಲಿ ಬೇಡದ ಸಾಮಾನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ, ಅವಳು ಕೊಡಣ್ಣ ನಾನು ಮಾಡ್ತೀನಿ ನೀನು ಹೇಳ್ತಾ ಹೋಗು ಎಂದು ಕಿತ್ತುಕೊಂಡಳು, ಮೋಸವೇ, ಹೌದು ಮೋಸವೇ, ಅವಳು ಕೂರಿಸುವುದು, ಅವನು ಒದೆಯುವುದು, ಅತ್ತಿಗೆಗೆ ಒದೆ ಮಾತ್ರ ಕಂಡರೆ ಸಾಕು, ಇವನಿಲ್ಲದ ಗ್ಯಾರೇಜಿನಲ್ಲಿ ಅವಳು ಯಾರನ್ನು ಬೈದುಕೊಂಡು ಕೆಲಸ ಮಾಡಬೇಕು, ಸ್ಪ್ಯಾನರ್ ಹಿಡಿಯಲು ಕಲಿಸಿದವನು, ಹುಡುಗಿಗೆ ಯಾಕಯ್ಯಾ ಇದೆಲ್ಲ ಎಂದ ಗಿರಾಕಿಗೆ ಹಾಗಾದ್ರೆ ನಿಮ್ಮ ಗಾಡಿ ತಳ್ಕೊಂಡು ಹೋಗಿ ಎಂದವನು, ಮೂವತ್ತೆರಡು ವರ್ಷ ಒಂದೇ ಬೆಂಚು, ಆದರೆ ಈ ಮೂವತ್ತೆರಡು ವರ್ಷದಲ್ಲಿ ಈ ಮನುಷ್ಯ ಒಂದಾದರೂ ವಿಷಯ ಕಾಗದದಲ್ಲಿ ಬರೆದಿಟ್ಟಿದ್ದಾನೆಯೇ, ಇಲ್ಲ, ಎಲ್ಲ ತಲೆಯಲ್ಲಿ, ತಲೆಗಿಂತ ಭದ್ರವಾದ ಪೆಟ್ಟಿಗೆ ಇಲ್ಲ ಅನ್ನುತ್ತಿದ್ದ, ಈಗ ನೋಡು ಪೆಟ್ಟಿಗೆಯ ಗತಿ.

ಮುಚ್ಚಳ ಬಂತು, ಅದರಡಿಯ ಗ್ಯಾಸ್ಕೆಟ್ ಕಾಗದ ಹರಿಯಿತು, ಹರಿಯಲಿ, ಇನ್ನೊಂದಿದೆ, ಅದೇ ಕೊನೆಯದು, ಕಿಕ್ಕರಿನ ದಂಡ ಹೊರಗೆ, ದಂಡದ ಮೇಲೆ ಹಲ್ಲುಚಕ್ರ, ಚಕ್ರಕ್ಕೊಂದು ಚುಕ್ಕೆ, ದಂಡಕ್ಕೊಂದು ಚುಕ್ಕೆ, ಎರಡೂ ಎದುರುಬದುರು ಕೂತರೆ ಸ್ಪ್ರಿಂಗಿಗೆ ಬಿಗಿ ಬರುತ್ತದೆ, ಕಿಕ್ಕರ್ ತಾನಾಗಿ ಮೇಲೇಳುತ್ತದೆ, ಇಷ್ಟೇ ವಿದ್ಯೆ, ಇದಕ್ಕೆ ಅರ್ಧ ದಿನ — ಆದರೆ ಈ ದಂಡದ ಮೇಲೆ ಇನ್ನೊಂದು ಚುಕ್ಕೆಯಿದೆ, ಯಾರೋ ಸುತ್ತಿಗೆಯಲ್ಲಿ ಹೊಡೆದದ್ದು, ಓರೆಯಾಗಿ, ಬೆಳಗ್ಗೆಯೇ ಕೇಳಿದ್ದಳು, ಅಣ್ಣಾ ಈ ಎರಡನೇದು ಏನು, ಅವನು ಕನ್ನಡಕ ಏರಿಸಿ ನೋಡಿ ಮುಖ ಗಂಟಿಕ್ಕಿ, ಯಾವನೋ ತಲೆಕೆಟ್ಟೋನು ಹೊಡೆದಿದ್ದಾನೆ ಬಿಡು, ಫ್ಯಾಕ್ಟರಿ ಚುಕ್ಕೆ ಹಿಡಿ ಎಂದ, ಅವಳು ಫ್ಯಾಕ್ಟರಿ ಚುಕ್ಕೆಯನ್ನೇ ಹಿಡಿದಳು, ಮೂರು ಸಲ, ಅಣ್ಣ ಹೇಳಿದ ಮೇಲೆ ಮುಗಿಯಿತು, ಈಗ ನಾಲ್ಕನೇ ಸಲವೂ ಅವನು ಶುರು ಮಾಡಿದ, ಚುಕ್ಕೆಗೆ ಚುಕ್ಕೆ ಸೇರಿಸಿದ್ಯಾ, ಅವಳ ಪಿತ್ತ ನೆತ್ತಿಗೇರಿತು, ತಗೋ, ನೀನೇ ಸೇರ್ಸು, ನನ್ನ ಜೀವ ತಿನ್ಬೇಡ, ಎಂದು ದಂಡ, ಚಕ್ರ, ಸ್ಪ್ರಿಂಗ್ ಎಲ್ಲವನ್ನೂ ಅವನ ತೊಡೆಯ ಮೇಲೆ ಸುರಿದು ಕಿಟಕಿಯ ಕಡೆ ಮುಖ ತಿರುಗಿಸಿದಳು, ಹೇಳಿದ ಮರುಕ್ಷಣವೇ ನಾಚಿಕೆಯಾಯಿತು, ತಿರುಗಿ ನೋಡುತ್ತಾಳೆ, ಅಣ್ಣ ಬೀದಿಯಲ್ಲಿ ಹೋಗುವ ಲಾರಿಯನ್ನು ನೋಡುತ್ತಿದ್ದಾನೆ, ಬೆರಳುಗಳು ಮಾತ್ರ ತಮ್ಮ ಪಾಡಿಗೆ, ಚಕ್ರ ದಂಡಕ್ಕೆ ಜಾರಿತು, ಎಡಗೈ ಹೆಬ್ಬೆರಳು ಸವರಿತು, ಒಂದು ಹಲ್ಲು ಆಚೆ, ಇನ್ನೊಂದು ಹಲ್ಲು ಆಚೆ, ನಿಂತಿತು — ಓರೆ ಚುಕ್ಕೆಯ ಎದುರಿಗೆ, ಓರೆ ಯಾಕೆಂದರೆ ಎಡಗೈಯವನ ಏಟು, ಈ ಗ್ಯಾರೇಜಿನಲ್ಲಿ ಎಡಗೈಯವನು ಅಣ್ಣನೊಬ್ಬನೇ, ಅಯ್ಯೋ ತಲೆಕೆಟ್ಟೋನೇ, ನೀನೇ ಹೊಡೆದದ್ದು, ಯಾವುದೋ ಬೇರೆ ಬೈಕಿನ ಚಕ್ರ ಹಾಕಿ ಅದಕ್ಕೆ ಸರಿಯಾಗಿ ನೀನೇ ಗುರುತು ಹೊಡೆದು, ಹೊಡೆದದ್ದನ್ನು ಯಾರಿಗೂ ಹೇಳದೆ, ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಅವನು ಸ್ಪ್ರಿಂಗನ್ನು ಅರ್ಧ ಸುತ್ತು ತಿರುಗಿಸಿ ಕೊಂಡಿ ಸಿಕ್ಕಿಸಿ ದಂಡವನ್ನು ಒಳಗೆ ತಳ್ಳಿದ, ಟಕ್, ಅವಳು ಕೈ ಹಾಕಲೇ ಇಲ್ಲ, ಮೋಸವಿಲ್ಲ, ಅತ್ತಿಗೆ, ಒಂದು ಚೂರೂ ಮೋಸವಿಲ್ಲ.

ಕೊನೆಯ ಗ್ಯಾಸ್ಕೆಟ್ ಕೂತು, ಮುಚ್ಚಳದ ಎಂಟನೇ ಸ್ಕ್ರೂ ಬಿಗಿಯಾಗುವಷ್ಟರಲ್ಲಿ ಅತ್ತಿಗೆ ಹತ್ತು ನಿಮಿಷ ಮೊದಲೇ ಬಂದು ಬಾಗಿಲಲ್ಲಿ ನಿಂತರು, ಬರಲಿ, ಅಣ್ಣ ಬೈಕು ಹತ್ತಿದ, ಒದ್ದ, ಕಿಕ್ಕರ್ ಕೆಳಗೆ ಹೋಯಿತು, ಮೇಲೆ ಬಂತು, ಬಂತು, ಎಷ್ಟು ಚಂದ ಬಂತು, ಇನ್ನೊಂದು ಒದೆ, ಮೂರನೆಯದಕ್ಕೆ ಇಂಜಿನ್ ಕೆಮ್ಮಿ ಹೊತ್ತಿಕೊಂಡು ಅಬ್ಬರಿಸಿತು, ನೀಲಿ ಹೊಗೆ, ಕಪಾಟಿನ ಡಬ್ಬಿಗಳೆಲ್ಲ ನಡುಗುತ್ತಿವೆ, ಇಷ್ಟು ಖುಷಿ ಅವಳಿಗೆ ಯಾವ ವರ್ಷ ಆಗಿತ್ತು, ಅತ್ತಿಗೆಯ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗುತ್ತಾಳೆ, ನೋಡಿದ್ರಾ, ಅವನೇ ಮಾಡಿದ್ದು, ಎಲ್ಲಾ ಅವನೇ ಮಾಡಿದ್ದು, ಅತ್ತಿಗೆ ಅವಳನ್ನು ನೋಡುತ್ತಿಲ್ಲ, ಅವಳ ಭುಜದಾಚೆ ನೋಡುತ್ತಿದ್ದಾರೆ, ಕರ್ರ್ ಎಂದು ಹಲ್ಲಿಗೆ ಹಲ್ಲು ತಿಕ್ಕುವ ಸದ್ದು, ಏನದು, ಓಡುವ ಇಂಜಿನ್ನಿನಲ್ಲಿ ಆ ಸದ್ದು ಯಾಕೆ, ತಿರುಗುತ್ತಾಳೆ, ಅಣ್ಣನ ಹಣೆಯ ಮೇಲೆ ಬೆವರು, ಆ ಅಬ್ಬರದ ಮೇಲೆ ಅವನೂ ಕೂಗುತ್ತಿದ್ದಾನೆ, ಇವತ್ತು ಯಾಕೋ ಸ್ಟಾರ್ಟೇ ಆಗ್ತಿಲ್ಲ ಕಣೇ, ಕಾಲು ಇಳಿಯುತ್ತದೆ, ಕರ್ರ್, ಕಿಕ್ಕರ್ ತಾನಾಗಿ ಮೇಲೆ ಬರುತ್ತದೆ, ಅವನು ಉಸಿರು ತೆಗೆದುಕೊಳ್ಳುತ್ತಾನೆ, ಕಾಲು ಇಳಿಯುತ್ತದೆ, ಮೇಲೆ ಬರುತ್ತದೆ, ಮತ್ತೆ ಕಾಲು