ಒಂಬತ್ತು ತಾಳಿಯ ಅವ್ವಮ್ಮ

ಅವ್ವಮ್ಮನ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದ ಹೆಂಗಸರು ನೀಲಿಮಾಳನ್ನು ಕಂಡು ಸರಿದು ಜಾಗ ಕೊಟ್ಟರು. ಪುಣೆ ಹತ್ತಿರದ ಹಿಂಜವಾಡಿಯ ಆ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳ ಮುಂದೆ ನೀಲಿಮಾಳ ಎಕ್ಸ್‌ರೇ ವ್ಯಾನು ನಿಂತಿತ್ತು. ಇವತ್ತು ಅದು ಬರುವ ದಿನವೇ. ನಿನ್ನೆ ಇಟ್ಟಿಗೆ ಇಳಿಸುತ್ತಿದ್ದ ಅವ್ವಮ್ಮ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

"ಮಂದಿ ತಾಳಿ ಎಲ್ಲಾ ತನ್ನ ಕೊರಳಾಗ ಹಾಕ್ಕೊಂಡ್ಲು. ಅವರ ಪೀಡಾ ಈಕಿಗಿ ಬಂತು," ಎಂದಳು ಹಿರಿಯ ಕಮಲಮ್ಮ, ಯಾರ ಮುಖವನ್ನೂ ನೋಡದೆ.

ಮೂಲೆಯಲ್ಲಿ ಸೋನಾಲಿ ಸೆರಗು ಬಾಯಿಗೊತ್ತಿ ಕೆಮ್ಮಿದಳು. ಮೂರು ತಿಂಗಳ ಕೆಮ್ಮು. ಇವತ್ತು ತಪ್ಪದೆ ಎದೆಯ ಚಿತ್ರ ತೆಗೆಸುತ್ತೇನೆಂದು ಅವ್ವಮ್ಮನಿಗೆ ಮಾತು ಕೊಟ್ಟಿದ್ದವಳು ಈಗ ನೀಲಿಮಾಳತ್ತ ನೋಡಲೂ ಒಲ್ಲಳು.

* * *

ಎರಡು ವರ್ಷದ ಹಿಂದೆ ವ್ಯಾನು ಮೊದಲ ಸಲ ಬಂದಾಗ ನೀಲಿಮಾಳಿಗೆ ಎಲ್ಲಿಲ್ಲದ ಜಂಬ. ಚಿತ್ರ ನೋಡಿ ಕ್ಷಯದ ಗುರುತಿದೆಯೋ ಇಲ್ಲವೋ ಎಂದು ಕಂಪ್ಯೂಟರೇ ನಿಮಿಷದಲ್ಲಿ ಹೇಳುತ್ತಿತ್ತು. ಗಂಡಸರು ಸಾಲುಗಟ್ಟಿದರು. ಹೆಂಗಸರು ಮಾತ್ರ ವ್ಯಾನು ಹತ್ತಲಿಲ್ಲ. ತಾಳಿ ಎದೆಯ ಮೇಲಿದ್ದರೆ ಆ ಜಾಣ ಯಂತ್ರ ಅದರ ನೆರಳನ್ನೇ ರೋಗವೆಂದು ತಿಳಿಯುತ್ತಿತ್ತು. ತೆಗೆಯಿರಿ ಎಂದರೆ ಇವರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

"ಟೇಬಲ್ ಮ್ಯಾಲ ಇಡ್ರಿ, ಎರಡು ನಿಮಿಷ ಅಷ್ಟ," ಎಂದು ನೀಲಿಮಾ ಗೋಗರೆದಳು.

"ತಾಳಿ ಟೇಬಲ್ ಮ್ಯಾಗ ಇಡ್ತಾರೇನ್ರಿ ಬಾಯಾರ?" ಎಂದು ನಕ್ಕವಳು ಅವ್ವಮ್ಮ. ಆಮೇಲೆ ಪಕ್ಕದವಳ ಮುಂದೆ ಕೈಚಾಚಿ, "ತಾ ಇಲ್ಲಿ, ನಾ ಹಾಕ್ಕೋತೀನಿ. ಮುತ್ತೈದಿ ಕೊರಳಾಗ ಇದ್ರ ಏನೂ ಆಗಂಗಿಲ್ಲ," ಎಂದಳು.

ಅಂದು ಅವಳ ಕೊರಳಲ್ಲಿ ಒಮ್ಮೆಗೇ ಒಂಬತ್ತು ತಾಳಿ ಜೋತಾಡಿದವು. ಆ ಸಾಲಿನಲ್ಲಿದ್ದ ಇಬ್ಬರಿಗೆ ಕ್ಷಯವಿತ್ತು. ಔಷಧ ತಿಂದು ಗುಣವಾದ ಆ ಇಬ್ಬರೂ ಇವತ್ತು ಅವಳ ಕಾಲ ಬಳಿ ಕೂತು ಅಳುತ್ತಿದ್ದರು.

* * *

ಅವ್ವಮ್ಮನನ್ನು ಮಣ್ಣು ಮಾಡಿ, ಟ್ಯಾಂಕರಿನ ನೀರಿನಲ್ಲಿ ಮಿಂದು ಗಂಡಸರು ಮರಳಿದಾಗ ಮಧ್ಯಾಹ್ನವಾಗಿತ್ತು. ನೀಲಿಮಾ ವ್ಯಾನಿನ ಬಾಗಿಲು ಮುಚ್ಚುತ್ತಿದ್ದಳು.

"ಹೊಂಟ್ರೇನ್ರಿ?" ಎಂದ ಅವ್ವಮ್ಮನ ಗಂಡ ಭೀಮು.

"ಯಾರೂ ಬರಂಗಿಲ್ಲ ಭೀಮಣ್ಣ. ಹೆದರ್ಯಾರ."

ಭೀಮು ಕಮಲಮ್ಮನ ಕಡೆ ತಿರುಗಿದ. ದನಿ ಏರಿಸಲಿಲ್ಲ. "ತಾಳಿ ತಗದ್ರ ಕೆಡಕು ಯಾರಿಗಿ, ಯಕ್ಕಾ? ಗಂಡಗ. ನನ್ನ ಹೆಂಡ್ತಿನೂ ಎರಡ್ ಸಲ ತಗದು ಫೋಟೋ ತಗಸ್ಯಾಳ. ನಾ ಗಟ್ಟಿಮುಟ್ಟ ನಿಂತೀನಿ ನೋಡು. ಆಗೂದಿದ್ರ ನನಗ ಆಗ್ಬೇಕಿತ್ತು. ಆಗಿದ್ರ ಛಲೋ ಇತ್ತು."

ಕಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೋನಾಲಿ ಮೆಲ್ಲಗೆ ಎದ್ದು ಬಂದಳು. "ಖರೆ ಅದ. ಆದ್ರ ಅವ್ವಮ್ಮ ಇಲ್ಲ. ಯಾರ ಕೊರಳಾಗ ಹಾಕ್ಲಿ?"

ಅಲ್ಲಿದ್ದ ಮುತ್ತೈದೆಯರೆಲ್ಲ ನೆಲ ನೋಡಿದರು. ಆಗ ಸೋನಾಲಿಯ ಗಂಡ ಮಹೇಶಕುಮಾರ ಗುಂಪಿನಿಂದ ಮುಂದೆ ಬಂದ. ತಲೆಗೂದಲಿನ ನೀರು ಇನ್ನೂ ಆರಿರಲಿಲ್ಲ. ನಿದ್ದೆ ಹೋದ ಮಗಳು ಚಿನ್ನು ಅವನ ಎರಡೂ ತೋಳು ತುಂಬಿದ್ದಳು. ಕೈ ಖಾಲಿ ಇಲ್ಲದ್ದರಿಂದ ಅವನು ಹೆಂಡತಿಯ ಮುಂದೆ ತಲೆ ತಗ್ಗಿಸಿ ಕೊರಳೊಡ್ಡಿದ.

ಸೋನಾಲಿ ತಾಳಿಯನ್ನು ತೆಗೆದು ಅವನ ಕೊರಳಿಗೆ ಹಾಕಿ, ವ್ಯಾನಿನ ಮೆಟ್ಟಿಲು ಹತ್ತಿದಳು.

ಯಂತ್ರದ ಗುಂಡಿ ಒತ್ತುವ ಮುನ್ನ ನೀಲಿಮಾ ಕಿಟಕಿಯಿಂದ ಹೊರಗೆ ನೋಡಿದಳು. ಉರಿಬಿಸಿಲಿನಲ್ಲಿ, ಮಂದಿಯೆಲ್ಲ ನೋಡುತ್ತಿರಲು, ಮಹೇಶಕುಮಾರ ಕೊರಳಲ್ಲಿ ತಾಳಿ ಹಾಕಿಕೊಂಡು ಅಲುಗದೆ ನಿಂತಿದ್ದ. ಕರಿಮಣಿ ಮಗಳ ಕೆನ್ನೆಗೆ ಒತ್ತದಂತೆ ಗದ್ದವನ್ನು ಕೊಂಚ ಮೇಲೆತ್ತಿದ್ದ.