ಹೂ ಕೇಳದೆ ಎತ್ತಿದ ಕಲ್ಲು

"ಚಪ್ಲಿ ಯಾಕ್ ಬುಡ್ತೀಯಾ ಅಕ್ಕಯ್ಯ, ಅಲ್ಲೀಗ ಯಾರೂ ಇಲ್ಲ ಕಣ," ಅಂದ ನಟರಾಜು, ನಮ್ಮತ್ತೆ ಸೋಮಮ್ಮನ ತಮ್ಮ.

ಅತ್ತೆ ಆಗಲೇ ತಂಬಿಗೆ ಹಿಡಿದು ಬರಿಗಾಲಲ್ಲಿ ಕಬಿನಿ ಹಿನ್ನೀರಿನ ಬಿರಿದ ಕೆಸರಿಗೆ ಇಳಿದಿದ್ದರು. ನಿಂತರು.

"ಯಾರೂ ಇಲ್ಲ ಅಂದ್ರೆ?"

"ಅಮ್ಮನ್ನ ಎತ್ತಿ ರೋಡ್ ಪಕ್ಕ ಇಟ್ಟಿವ್ನಿ. ಗುಡಿ ಕಟ್ಸಿ ಟೈಲ್ಸ್ ಹಾಕ್ಸಿವ್ನಿ. ನೀನ್ ನೋಡಿ ಖುಷಿ ಪಡ್ಲಿ ಅಂತ ಮುಂಚೆ ಹೇಳ್ಲಿಲ್ಲ."

ಅತ್ತೆ ಹುಟ್ಟಿದ ಊರು ಈ ನೀರಿನಡಿಯಲ್ಲಿದೆ. ಅಣೆಕಟ್ಟು ಕಟ್ಟಿದಾಗ ಊರೆಲ್ಲ ಎದ್ದುಹೋಯಿತು, ದೇವತೆ ಹಿರಿಯಮ್ಮನ ಕಲ್ಲು ಉಳಿಯಿತು. ಬೇಸಿಗೆಯಲ್ಲಿ ನೀರಿಳಿದು ಕಲ್ಲು ತಲೆ ಎತ್ತಿತೆಂದರೆ ನಾವು ಗಾವಡಗೆರೆಯಿಂದ ಹೊರಡುತ್ತೇವೆ. ಅತ್ತೆ ಕೈಯಾರೆ ಕೆಸರು ತೊಳೆದು, ಹೊಳೆನೀರು ಹೊಯ್ದು, ಅರಿಸಿನ ಹಚ್ಚಬೇಕು. ಸೊಸೆಯಾಗಿ ಹೊಸದಾಗಿ ಬಂದಾಗ ನನಗಿದು ಪಿಕ್‌ನಿಕ್ಕೇ: ಆಚೆ ದಡದ ಕಾಡು, ಎಳೆ ಹುಲ್ಲಿಗೆ ಇಳಿದ ಆನೆಗಳು, ನೀರಲ್ಲೇ ಒಣಗಿ ನಿಂತ ಮರಗಳ ಮೇಲೆ ಹಕ್ಕಿಗಳು. ಆಮೇಲೊಂದು ಸಲ ಅತ್ತೆ, ಮಗುವಿನ ಬೆನ್ನುಜ್ಜುವ ಹಾಗೆ ಕಲ್ಲನ್ನು ಉಜ್ಜುತ್ತಾ "ಚಳಿ ಆಯ್ತೇನವ್ವಾ" ಅಂದರು. ನನ್ನ ಕೈ ತಾನಾಗಿ ಮುಗಿದುಕೊಂಡಿತು.

"ಹೂ ಕೇಳಿದ್ಯೇನ್ಲಾ?" ಅಂದರು ಅತ್ತೆ.

"ವರ್ಸದಾಗೆ ಮುಕ್ಕಾಲು ಭಾಗ ನೀರಲ್ ಮುಳುಗಿರ್ತಿದ್ಲು, ಪಾಪ..."

"ಪಾಪ ಅಂತೆ ಪಾಪ! ಹೂ ಕೇಳಿದ್ಯಾ ಅಂದೆ?"

"ಇಲ್ಲ."

"ನೀನಿನ್ನೂ ಹುಟ್ಟಿರ್ಲಿಲ್ಲ ಕಣ್ಲಾ. ಊರು ಬುಡೋ ದಿನ ಅಪ್ಪ ಅವಳ ನೆತ್ತಿ ಮೇಲೆ ಹೂ ಇಟ್ಟು ಕೇಳ್ದ. 'ನಮ್ಜೊತೆ ಬರಂಗಿದ್ರೆ ಬಲಕ್ಕೆ ಕೊಡು ತಾಯಿ' ಅಂತ. ಎಡಕ್ಕೆ ಕೊಟ್ಲು! ಅತ್ಕಂಡು ಮತ್ತೆ ಕೇಳ್ದ, ಮತ್ತೆ ಎಡಕ್ಕೇ. ನಾವೆಲ್ಲ ಲಾರಿ ಹತ್ತಿ ಓಡೋದೋ. ಅವಳೊಬ್ಳೇ ನಮ್ ಒಲೆ, ನಮ್ ಹೊಸ್ಲು, ನಮ್ ಸತ್ತೋರ್ನೆಲ್ಲ ಕಾಯ್ಕಂಡು ನೀರೊಳಗೆ ಕುಂತ್ಲು. ಅವಳ್ನ ಟೈಲ್ಸ್ ಮೇಲೆ ಕೂರ್ಸಾಕೆ ನೀನ್ಯಾವನ್ಲಾ?"

"ಸಫಾರಿಗೆ ಬರೋರೆಲ್ಲ ಕಾರ್ ನಿಲ್ಸಿ ಕೈ ಮುಗೀತಾವ್ರೆ ಅಕ್ಕಯ್ಯ, ಫೋಟೋ ತಗೀತಾವ್ರೆ."

"ತಗೀಲಿ! ಪಕ್ಕದಲ್ಲಿ ನಿನ್ ಮೂತೀನೂ ನಿಲ್ಸಿ ತಗೀಲಿ!"

ನಾನು ಸಮಾಧಾನ ಮಾಡಲು ಹೋದೆ. "ಗುಡೀಲೇ ಪೂಜೆ ಮಾಡಿ ಬರಾನ ಅತ್ತೆ."

"ನೀನೂ ಅವ್ನ ಕಡೇನಾ ಸುಧಾ?"

ಅರಿಸಿನದ ಪೊಟ್ಟಣ ಹಿಡಿದು ಅವರ ಹಿಂದೆ ನಡೆದೆ.

ಕಲ್ಲು ಕಿತ್ತ ಜಾಗದಲ್ಲೊಂದು ಗುಂಡಿ, ಸುತ್ತ ಟ್ರ್ಯಾಕ್ಟರ್ ಚಕ್ರದ ಗುರುತು. ಅತ್ತೆ ಮಂಡಿಯೂರಿ ಗುಂಡಿಯ ಕಸ ಬಾಚಿ ತೆಗೆದರು. ಹೊಳೆಯಿಂದ ತಂಬಿಗೆ ತುಂಬಿ ತಂದು ಹೊಯ್ದರು. ಮಣ್ಣು ಗುಳುಗುಳು ಅಂತ ಕುಡಿಯಿತು. ಅಂಚಿಗೆ ಅರಿಸಿನ ಹಚ್ಚತೊಡಗಿದರು.

"ಅಲ್ಲೇನೈತೆ ಅಂತ ಪೂಜೆ ಮಾಡ್ತೀಯಾ ಅಕ್ಕಯ್ಯ?" ನಟರಾಜುವಿನ ದನಿ ಇಳಿದಿತ್ತು.

"ಅವಳು ಕುಂತಿದ್ದ ಜಾಗ ಐತಲ್ಲ. ಪುಣ್ಯಕ್ಕೆ ಅದ್ನ ಟ್ರ್ಯಾಕ್ಟರ್‌ಗೆ ತುಂಬ್ಕಂಡ್ ಓಗಿಲ್ಲ ನೀನು. ಮಳೆ ಹಿಡಿಯಾಕ್ ಮುಂಚೆ ಹೂ ಕೇಳು. ಅವಳು ಬತ್ತೀನಿ ಅಂದ್ರೆ ತಂದು ಇಲ್ಲೇ ಇಡು."

"ಬರಾಕಿಲ್ಲ ಅಂದ್ರೆ?"

"ನಿನ್ ಟೈಲ್ಸ್ ನೀನೇ ತೊಳ್ಕಂಡಿರು. ನಾನು ಇಲ್ಗೇ ಬತ್ತೀನಿ."

ನಟರಾಜು ಹಿಂದೆ ಸರಿದು ಚಪ್ಪಲಿ ಬಿಟ್ಟ. ಖಾಲಿ ತಂಬಿಗೆ ಎತ್ತಿಕೊಂಡು ನೀರಿನ ಕಡೆ ನಡೆದ.